ಮಾವನ ಗ್ರಂಥಿ ಪುರಾಣ

ನನ್ನ ಸೋದರಮಾವ ಯಾರ ಮುಖವನ್ನೂ ನೋಡಿ ಮಾತಾಡಿದವರಲ್ಲ. ಹಾಗೆಂದ ಕೂಡಲೇ ನಾಚಿಕೆಯ ಸ್ವಭಾವದವರು ಎಂದುಕೊಂಡೀರಿ, ಜೋಕೆ! ಅವರಿಗೂ ನಾಚಿಕೆಗೂ ಎಣ್ಣೆ ಸೀಗೆಕಾಯಿ. ಅವರು ನೋಡುತ್ತಿದ್ದುದು ಎದುರಿಗಿದ್ದವರ ಕುತ್ತಿಗೆಯನ್ನು. ಗಂಟಲಮಣಿಯ ಕೆಳಗೆ ಎರಡು ಬೆರಳಗಲದ ಜಾಗ ಇದೆಯಲ್ಲ, ಅಲ್ಲಿ ಕಣ್ಣು ನೆಟ್ಟರೆಂದರೆ ಮುಗಿಯಿತು. ನೀವು ಆಮೇಲೆ ಮನುಷ್ಯರಲ್ಲ, ಬರೀ ಥೈರಾಯ್ಡ್ ಗ್ರಂಥಿ.

ಮುಂಬಯಿಯ ನಮ್ಮ ಸಾಲುಮನೆಯ ಚಾಳಿಗೆ ಹಾಲು ತರುತ್ತಿದ್ದ ಭಯ್ಯಾ ಮೂರು ದಿನ ಇದನ್ನು ಸಹಿಸಿದ. ನಾಲ್ಕನೆಯ ದಿನ ಹಾಲಿನ ಕ್ಯಾನು ಕೆಳಗಿಟ್ಟು ಅಮ್ಮನನ್ನು ಒಂದು ಬದಿಗೆ ಕರೆದ. "ಮಾಜೀ, ನಿಮ್ಮ ತಮ್ಮ ನನ್ನ ಗಲಾ ಕೊಯ್ಯುವ ಅಂದಾಜಿನಲ್ಲಿದ್ದಾನೆ. ನಾಳೆಯಿಂದ ನಾನು ಬರುವುದಿಲ್ಲ" ಎಂದ. ಅಮ್ಮ ಸಮಾಧಾನ ಹೇಳುವಷ್ಟರಲ್ಲಿ ಮಾವ ಒಳಗಿನಿಂದ ಒಂದು ಲೋಟ ನೀರು ಹಿಡಿದುಕೊಂಡು ಬಂದರು. "ಇದನ್ನೊಮ್ಮೆ ಕುಡಿ ಭಯ್ಯಾ, ನುಂಗುವಾಗ ಅದು ಮೇಲೆ ಹೋಗ್ತದಾ ನೋಡ್ಬೇಕು" ಎಂದರು. ಆ ದಿನ ನಮ್ಮ ಮನೆಯಲ್ಲಿ ಕಾಫಿಗೆ ಹಾಲಿರಲಿಲ್ಲ.

ಇದು ಸಾವಿರದ ಒಂಬೈನೂರ ಐವತ್ತರ ದಶಕದ ಮಾತು. ಚೆಂಬೂರಿನ ಚಾಳೊಂದರ ಮೊದಲ ಮಾಳಿಗೆಯಲ್ಲಿ ನಮಗೆ ಎರಡು ಖೋಲಿ. ಅಪ್ಪ ಫೋರ್ಟ್ ಕಡೆ ಒಂದು ಆಫೀಸಿನಲ್ಲಿ ಗುಮಾಸ್ತರು. ಅಮ್ಮ, ಅಕ್ಕ ವಾರಿಜ, ನಾನು, ಮತ್ತು ಅಮ್ಮನ ತಮ್ಮನಾದ ಈ ಮಾವ. ಮಾವ ಮದುವೆಯಾಗಿರಲಿಲ್ಲ. ಉಡುಪಿಯಿಂದ ಬಂದವರು ಹೊಟೇಲು ಸೇರದೆ ಬೈಕುಲ್ಲಾದ ಒಂದು ರಕ್ತಪರೀಕ್ಷೆಯ ಲ್ಯಾಬೋರೇಟರಿ ಸೇರಿದ್ದರು. ಅಲ್ಲಿ ಅವರಿಗೆ ಏನು ಕೆಲಸ ಎಂದು ಚಾಳಿನವರು ಕೇಳಿದರೆ ಅಮ್ಮ "ಸಾಯನ್ಸು" ಎಂದು ಹೇಳಿ ಬೇಗ ಬಾಗಿಲು ಹಾಕುತ್ತಿದ್ದಳು. ಯಾಕೆಂದರೆ ಮಾವನ ಕೆಲಸ ಕಪ್ಪೆ ಸಾಕುವುದು.

ಆ ಕಾಲದಲ್ಲಿ ಹೆಂಗಸು ಬಸುರಿಯೋ ಅಲ್ಲವೋ ಎಂಬುದನ್ನು ಕಪ್ಪೆಯ ಹತ್ತಿರ ಕೇಳಿ ತಿಳಿಯುತ್ತಿದ್ದರು. ನಗಬೇಡಿ, ಸತ್ಯವಾಗಿಯೂ! ಹೆಂಗಸಿನ ಮೂತ್ರವನ್ನು ಶೀಶೆಯಲ್ಲಿ ತಂದು ಗಂಡು ನೆಲಗಪ್ಪೆಯ ಚರ್ಮದಡಿಗೆ ಸೂಜಿಯಲ್ಲಿ ಹಾಕುವುದು. ಮೂರು ನಾಲ್ಕು ತಾಸು ಬಿಟ್ಟು ಕಪ್ಪೆಯ ಮೂತ್ರವನ್ನು ಸೂಕ್ಷ್ಮದರ್ಶಕದಡಿ ನೋಡುವುದು. ಬಸುರಿಯಾಗಿದ್ದರೆ ಆಕೆಯ ರಕ್ತದಲ್ಲಿ ಹೊಸದಾಗಿ ಹುಟ್ಟಿದ ಹಾರ್ಮೋನು ಕಪ್ಪೆಯ ಒಳಗೂ ಹೋಗಿ ಅದರ ಗಂಡಸುತನವನ್ನು ಎಬ್ಬಿಸಿ ಕೂರಿಸಿರುತ್ತದೆ. ಮಿಕ್ಕ ವಿವರ ನಾನು ಬರೆಯುವುದಿಲ್ಲ, ಮಾವ ಮಾತ್ರ ಊಟದ ಹೊತ್ತಿನಲ್ಲಿ ಹೇಳುತ್ತಿದ್ದರು. "ಹೆಂಗಸು ಕಳಿಸಿದ ಸುದ್ದಿ ಕಪ್ಪೆಗೆ ಅರ್ಥ ಆಗ್ತದೆ ಅಕ್ಕ. ಆಕೆಯ ಗಂಡನಿಗೆ ಇನ್ನೂ ಗೊತ್ತಾಗಿರುವುದಿಲ್ಲ" ಎಂದು ಅವರು ಕಣ್ಣರಳಿಸಿದರೆ ಅಮ್ಮ ಸೌಟಿನಲ್ಲಿ ಹುಳಿಯ ಪಾತ್ರೆಗೆ ಠಣ್ಣೆಂದು ಬಾರಿಸುತ್ತಿದ್ದಳು.

ಇಂಥವರು ಮಡಿಯಲ್ಲಿ ಮಾತ್ರ ಅಗ್ನಿ! ಬೆಳಿಗ್ಗೆ ಐದಕ್ಕೆ ತಣ್ಣೀರು ಸ್ನಾನ, ಮೈಮೇಲೆ ಗೋಪಿಚಂದನದ ಮುದ್ರೆ, ಒಂದು ಗಂಟೆ ದೇವರ ಪೂಜೆ. ಈರುಳ್ಳಿಯ ವಾಸನೆ ಬಂದರೆ ಲೋಕಲ್‌ನಲ್ಲಿ ಡಬ್ಬಿ ಬದಲಾಯಿಸುತ್ತಿದ್ದರು. ಏಕಾದಶಿಗೆ ನೀರೂ ಇಲ್ಲ. ಆಮೇಲೆ ಚಾಳಿನ ಜಿರಲೆಗಳನ್ನು ಹಿಡಿದುಕೊಂಡು ಬೈಕುಲ್ಲಾಕ್ಕೆ ಹೋಗಿ ದಿನವಿಡೀ ಕಪ್ಪೆಗಳಿಗೆ ತಿನ್ನಿಸುವುದು. ಚಾಳಿನ ಹೆಂಗಸರೆಲ್ಲ ಮಾವನಿಗೆ ಈ ಒಂದು ವಿಷಯದಲ್ಲಿ ಋಣಿಗಳು, ನಮ್ಮ ಮಾಳಿಗೆಯಲ್ಲಿ ಜಿರಲೆ ಎಂಬುದೇ ಇರಲಿಲ್ಲ. ಒಂದು ಕಪ್ಪೆ ಒಮ್ಮೆ ಪರೀಕ್ಷೆ ಮಾಡಿಕೊಟ್ಟರೆ ಅದಕ್ಕೆ ಎಂಟು ದಿನ ವಿಶ್ರಾಂತಿ ಕೊಡಲೇಬೇಕೆಂದು ಮಾವನ ಹಟ. ಅಷ್ಟು ರಜೆ ಅಪ್ಪನ ಆಫೀಸಿನಲ್ಲಿಯೂ ಇರಲಿಲ್ಲ.

ಲ್ಯಾಬೋರೇಟರಿಯ ಡಾಕ್ಟರು ಓದಿ ಬದಿಗಿಟ್ಟ ದಪ್ಪ ದಪ್ಪ ಪುಸ್ತಕಗಳನ್ನು ಮಾವ ಮನೆಗೆ ತಂದು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದರು. ಓದಿದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಯಾರಿಗಾದರೂ ಹೇಳಲೇಬೇಕು. ಹೆಚ್ಚಾಗಿ ಸಿಕ್ಕಿಬೀಳುತ್ತಿದ್ದವಳು ನಾನು, ಟೈಪಿಂಗ್ ಕ್ಲಾಸಿಗೆ ಹೋಗುವಾಗ ಅವರ ಜೊತೆಯಲ್ಲೇ ಗಾಡಿ ಹತ್ತುತ್ತಿದ್ದೆನಲ್ಲ.

"ನೋಡು ಮಾರಾಯ್ತಿ, ನರ ಅಂದ್ರೆ ಟೆಲಿಫೋನು. ಇಲ್ಲಿ ತಿರುಗಿಸಿದ್ರೆ ಅಲ್ಲಿ ಬಡ್ಕೊಳ್ತದೆ. ಹಾರ್ಮೋನು ಹಾಗಲ್ಲ. ರಕ್ತ ಅಂದ್ರೆ ಈ ಲೋಕಲ್ ಗಾಡಿ. ಗ್ರಂಥಿಯಿಂದ ಹಾರ್ಮೋನು ಬಂದು ಗಾಡಿ ಹತ್ತುತ್ತದೆ. ಗಾಡಿ ಎಲ್ಲಾ ಸ್ಟೇಷನಿನಲ್ಲೂ ನಿಲ್ತದೆ. ಲಿವರ್ ಬಂತು, ಮೂತ್ರಪಿಂಡ ಬಂತು, ಮೊಣಕಾಲು ಬಂತು. ಆದ್ರೆ ಅದು ಇಳಿಯುವುದು ತನ್ನ ಸ್ಟೇಷನಿನಲ್ಲಿ ಮಾತ್ರ. ಬೇರೆ ಸ್ಟೇಷನಿನವರಿಗೆ ಅದರ ಗುರುತೇ ಇಲ್ಲ."

"ತನ್ನ ಸ್ಟೇಷನ್ ಅಂತ ಅದಕ್ಕೆ ಹೇಗೆ ಗೊತ್ತಾಗ್ತದೆ ಮಾವ?"

"ನಿನಗೆ ದಾದರ್ ಹೇಗೆ ಗೊತ್ತಾಗ್ತದೆ?"

"ಬೋರ್ಡು ಓದಿ."

"ಅದೂ ಓದ್ತದೆ" ಎಂದು ಮಾವ ಅಷ್ಟೇ ಗಂಭೀರವಾಗಿ ಹೇಳಿದರು. ಎದುರು ಕುಳಿತ ಮುದುಕರೊಬ್ಬರು, ಬೋರ್ಡು ಓದುವ ಈ ಹಾರ್ಮೋನು ಯಾವ ಊರಿನವರು ಎಂದು ನನ್ನನ್ನು ಕೇಳಿದರು.

ಮನೆಯಲ್ಲಿ ಮಾವನ ಪುರಾಣಕ್ಕೆ ಬಲಿಯಾಗುತ್ತಿದ್ದವರು ಅಪ್ಪ. ಅಪ್ಪನದು ಮೂಗಿನ ತುದಿಯಲ್ಲಿ ಕೋಪ. ಒಂದು ದಿನ ಛತ್ರಿ ಕಾಣಲಿಲ್ಲವೆಂದು ಅವರು ಇಡೀ ಮಾಳಿಗೆಗೆ ಕೇಳುವಂತೆ ಅಬ್ಬರಿಸುತ್ತಿದ್ದಾಗ ಮಾವ ಹತ್ತಿರ ಹೋಗಿ, "ಭಾವ, ಈ ಸಿಟ್ಟು ನಿಮ್ಮದಲ್ಲ. ಮೂತ್ರಪಿಂಡದ ಮೇಲೆ ಟೊಪ್ಪಿಯ ಹಾಗೆ ಅಡ್ರಿನಲ್ ಅಂತ ಒಂದು ಗ್ರಂಥಿ ಉಂಟು. ಅದು ರಸ ಬಿಟ್ಟ ಕೂಡ್ಲೇ ಎದೆ ಹೊಡ್ಕೊಳ್ತದೆ, ಕಣ್ಣು ಅಗಲ ಆಗ್ತದೆ. ನೀವು ಪಾಪದವರು" ಎಂದರು.

ಅಪ್ಪನ ಕಣ್ಣು ಇನ್ನಷ್ಟು ಅಗಲವಾಯಿತು. "ನನ್ನ ಸಿಟ್ಟೂ ನನ್ನದಲ್ಲವಾ? ಹಾಗಾದ್ರೆ ಈ ಮನೆಯಲ್ಲಿ ನನ್ನದು ಅಂತ ಎಂತ ಉಂಟು?"

ಸ್ಟೇಷನ್ ಪಕ್ಕದ ಉಡುಪಿ ಹೊಟೇಲಿನ ಯಜಮಾನರನ್ನಂತೂ ಮಾವ ಪಿಟ್ಯುಟರಿ ಮಾಡಿಬಿಟ್ಟಿದ್ದರು. "ನೀವು ಗಲ್ಲೆಯಲ್ಲಿ ಕೂತ ಪಿಟ್ಯುಟರಿ, ಉಳಿದ ಗ್ರಂಥಿಗಳಿಗೆಲ್ಲ ಯಜಮಾನ. ಒಳಗಿನ ಭಟ್ಟರು ಥೈರಾಯ್ಡ್. ಸಾಂಬಾರು ಕಮ್ಮಿಯಾದ್ರೆ ನೀವು ಕೂಗ್ತೀರಿ. ಭಟ್ಟರು ಕೊಳಗ ತಂದಿಟ್ರೆ ನೀವು ಸುಮ್ಮನಾಗ್ತೀರಿ. ದೇಹದಲ್ಲಿಯೂ ಹೀಗೆಯೇ. ನೀವು ಎಷ್ಟು ಕೂಗಿದ್ರೂ ಸಾಂಬಾರು ಬರದಿದ್ರೆ ಭಟ್ಟರಿಗೆ ಎಂತದೋ ಆಗಿದೆ ಅಂತ ಅರ್ಥ." ಯಜಮಾನರು ಒಳಗೆ ಇಣುಕಿದರೆ ಭಟ್ಟರು ದೋಸೆಕಲ್ಲಿನ ಮುಂದೆ ನಿಂತೇ ತೂಕಡಿಸುತ್ತಿದ್ದರು. ಮಾವನಿಗೆ ಸ್ವರ್ಗ ಮೂರೇ ಗೇಣು! ಭಟ್ಟರಿಗೆ ಥೈರಾಯ್ಡ್ ಸೋತಿದೆ, ಈ ತೂಕಡಿಕೆ ಅದರದ್ದೇ ಎಂದು ಅಲ್ಲೇ ಘೋಷಿಸಿಬಿಟ್ಟರು. ಹತ್ತು ದಿನ ಕಳೆದ ಮೇಲೆ ಗೊತ್ತಾಯಿತು, ಭಟ್ಟರು ನಸುಕಿನಲ್ಲಿ ಎದ್ದು ಮಾಟುಂಗದ ಇನ್ನೊಂದು ಹೊಟೇಲಿನಲ್ಲಿ ಕದ್ದು ವಡೆ ಕರಿದು ಬರುತ್ತಿದ್ದರಂತೆ. ಯಜಮಾನರು ಇದನ್ನು ಊರಿಗೆಲ್ಲ ಹೇಳಿ ನಕ್ಕರು. ಮಾವ ಜಗ್ಗಲಿಲ್ಲ. "ಎರಡು ಹೊಟೇಲು ನಡೆಸ್ತದೆ ಅಂದ್ರೆ ಅದು ಬಹಳ ಗಟ್ಟಿ ಥೈರಾಯ್ಡ್" ಎಂದರು.

ಇನ್ನು ಭಾಂಡುಪ್ ಪ್ರಕರಣ. ಮಳೆಗಾಲ ಹಿಡಿಯಿತೆಂದರೆ ಮಾವ ಭಾನುವಾರ ಭಾಂಡುಪಿನ ಗದ್ದೆಗಳಿಗೆ ಕಪ್ಪೆ ಹಿಡಿಯಲು ಹೋಗುತ್ತಿದ್ದರು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು, ಅಮ್ಮನ ತರಕಾರಿ ಚೀಲವನ್ನೂ. ಚೀಲದ ವಿಷಯ ಅಮ್ಮನಿಗೆ ಹೇಳಿರಲಿಲ್ಲ. ಮೊಣಕಾಲು ಕೆಸರಿನಲ್ಲಿ ನಿಂತು ಮಾವ ಒಂದೊಂದೇ ಕಪ್ಪೆಯನ್ನು ಎತ್ತಿ ಕಿವಿಯ ಹತ್ತಿರ ಹಿಡಿಯುತ್ತಿದ್ದರು.

"ಗಂಡೋ ಹೆಣ್ಣೋ ಹೇಗೆ ಗೊತ್ತಾಗ್ತದೆ ಮಾವ?"

"ಹಿಡಿದು ಎತ್ತಿದ ಕೂಡ್ಲೇ ಗೊಣಗಿದ್ರೆ ಗಂಡು. ಹೆಣ್ಣು ಸುಮ್ಮನೆ ಇರ್ತದೆ."

"ಇದು ಅಪ್ಪನಿಗೆ ಹೇಳಬೇಡಿ" ಎಂದೆ.

ಗೊಣಗುವ ಹದಿನಾರು ಕಪ್ಪೆ ಚೀಲ ಸೇರಿದವು. ವಾಪಸ್ ಬರುವ ಲೋಕಲ್‌ನಲ್ಲಿ, ಘಾಟ್ಕೋಪರ್ ದಾಟುವಾಗ, ಚೀಲದ ಹಿಡಿಯ ಪಕ್ಕದ ಹೊಲಿಗೆ ಬಿಟ್ಟಿತು. ದೇವರೇ! ಥರ್ಡ್ ಕ್ಲಾಸ್ ಡಬ್ಬಿಯಲ್ಲಿ ಜನ ಬೆಂಚಿನ ಮೇಲೆ, ಕಪ್ಪೆಗಳು ನೆಲದ ಮೇಲೆ, ಮುದ್ರೆ ಹಾಕಿಕೊಂಡ ನನ್ನ ಮಾವ ಬೆಂಚಿನ ಕೆಳಗೆ ನಾಲ್ಕು ಕಾಲಿನಲ್ಲಿ. ಕಚ್ಚುವುದಿಲ್ಲ, ಇವು ಡಾಕ್ಟರ ಕಪ್ಪೆ ಎಂದು ಮಾವ ಹರಕು ಹಿಂದಿಯಲ್ಲಿ ಕೂಗಿದ್ದೇ ತಪ್ಪಾಯಿತು. ಡಾಕ್ಟರ ಕಪ್ಪೆ ಎಂದರೆ ರೋಗದ ಕಪ್ಪೆ ಎಂದುಕೊಂಡು ಅರ್ಧ ಡಬ್ಬಿ ಕುರ್ಲಾದಲ್ಲಿ ಇಳಿದುಹೋಯಿತು. ಹದಿನೈದು ಸಿಕ್ಕವು. ಹದಿನಾರನೆಯದು ಕುರ್ಲಾದಲ್ಲಿ ಇಳಿದಿರಬೇಕು. "ಅದರ ಸ್ಟೇಷನ್ ಅದೇ ಇರ್ಬೇಕು" ಎಂದು ಮಾವ ಮೈ ಕೊಡವಿಕೊಂಡರು. ಚೀಲವನ್ನು ಅಮ್ಮ ಇಕ್ಕುಳದಲ್ಲಿ ಹಿಡಿದು ಹೊರಗೆಸೆದಳು.

ಇಷ್ಟು ನಗುವ ಮನೆಯಲ್ಲಿ ಒಬ್ಬಳು ನಗುವುದನ್ನು ನಿಲ್ಲಿಸಿದ್ದಳು. ಅದು ನಮಗೆ ತಿಳಿಯಲೇ ಇಲ್ಲ.

ವಾರಿಜಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಹದಿನೆಂಟರಲ್ಲಿ ಅವಳದು ಅರಳು ಹುರಿದಂಥ ಮಾತು. ಬೆಳಗಿನ ನಲ್ಲಿಯ ಸಾಲಿನಲ್ಲಿ ಅವಳ ಬಾಯಿಗೆ ಹೆದರಿ ಜನ ಕೊಡ ಸರಿಸಿ ದಾರಿ ಬಿಡುತ್ತಿದ್ದರು. ಇಪ್ಪತ್ತು ತುಂಬುವಷ್ಟರಲ್ಲಿ ಅವಳು ನಿಧಾನವಾದಳು. ಆರಕ್ಕೆ ಏಳುವವಳು ಒಂಬತ್ತಕ್ಕೆ, ಒಂಬತ್ತಕ್ಕೆ ಎದ್ದು ಹತ್ತಕ್ಕೆ ಮತ್ತೆ ಮಲಗುವವಳು. ಮುಖ ಊದಿತು, ಸ್ವರ ದಪ್ಪವಾಯಿತು. ಮುಂಬಯಿಯ ಮೇ ತಿಂಗಳಲ್ಲಿ ಶಾಲು ಹೊದ್ದು ಕೂರುತ್ತಿದ್ದಳು. ಅಮ್ಮ ಬೈದಳು, ಅಪ್ಪ ಬೈದರು. ನಾನು? ನಾನು ಅವಳಿಗೆ ಮಾಲ್‌ಗಾಡಿ ಎಂದು ಹೆಸರಿಟ್ಟೆ. ಇಟ್ಟವಳು ನಾನೇ ಎಂದು ಬರೆಯಲು ಈಗಲೂ ಕೈ ಹಿಂದೆ ಎಳೆಯುತ್ತದೆ.

ಅವಳನ್ನು ನೋಡಲು ಗಂಡಿನ ಕಡೆಯವರು ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಹುಡುಗ ಎತ್ತರದಾಳು. ಅಗಲ ದವಡೆ, ಮೊರದಂಥ ಕೈ. ಶೀರಾ ತಟ್ಟೆ ಕೊಟ್ಟಾಯಿತು, ವಾರಿಜಕ್ಕ ಬಂದು ಕೂತಾಯಿತು. ಆ ಹುಡುಗನ ದವಡೆ ಕಂಡ ಕ್ಷಣದಿಂದ ಮಾವ ಕೂತಲ್ಲಿ ಕೂರುತ್ತಿರಲಿಲ್ಲ. ಅಪ್ಪ ಕಣ್ಣಲ್ಲೇ ಹೆದರಿಸಿದರು. ಆದರೆ ಒಳಗಿದ್ದದ್ದು ಹೊರಗೆ ಬಾರದೆ ಇರುತ್ತದೆಯೇ?

"ನಿಮ್ಮ ಚಪ್ಪಲಿ ನಂಬರು ಎಷ್ಟು?" ಎಂದು ಮಾವ ಹುಡುಗನನ್ನು ಕೇಳಿದರು.

"ಹತ್ತು."

"ಹೋದ ವರ್ಷ?"

"ಒಂಬತ್ತು" ಎಂದ ಹುಡುಗ. ಅವನಿಗೂ ಕುತೂಹಲ ಹುಟ್ಟಿದ ಹಾಗೆ ಕಂಡಿತು. "ಅದಕ್ಕಿಂತ ಮೊದ್ಲು ಎಂಟು."

"ಉಂಗುರ ಬಿಗಿ ಆಗ್ತದಾ?"

"ಹೋದ ದಸರಕ್ಕೆ ಕತ್ತರಿಸಿ ತೆಗೆಸಿದ್ದು."

"ಪಿಟ್ಯುಟರಿ" ಎಂದರು ಮಾವ, ಬಹಳ ಮರುಕದಿಂದ. "ತಲೆಯ ಒಳಗೆ ಕಡಲೆಕಾಳಿನಷ್ಟು ಒಂದು ಗ್ರಂಥಿ. ಅದು ಹದ ತಪ್ಪಿದ್ರೆ ಕೈಕಾಲು, ದವಡೆ ಬೆಳೀತಾ ಹೋಗ್ತದೆ. ತಡ ಮಾಡ್ಬೇಡಿ, ದೊಡ್ಡ ಡಾಕ್ಟ್ರಿಗೆ ತೋರಿಸಿ."

ಹುಡುಗನ ತಾಯಿ ಎದ್ದು ನಿಂತರು. ಮಗನ ತಲೆ ಸರಿಯಿಲ್ಲವೆಂದು ಹೇಳಿದರೆಂದು ಆಕೆಗೆ ಕೇಳಿಸಿತ್ತು. "ನಿಮ್ಮ ಹುಡುಗಿ ಕೂತಲ್ಲಿಯೇ ನಿದ್ದೆ ಹೋಗ್ತಾಳೆ, ನಮ್ಮವನ ತಲೆಯ ಸುದ್ದಿ ನಿಮಗೆ ಯಾಕೆ?" ಎಂದರು. ತಿರುಗಿ ನೋಡಿದರೆ ನಿಜ, ವಾರಿಜಕ್ಕ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು. ಅವರು ಹೋದ ಮೇಲೆ ಅಪ್ಪ ಇಡೀ ಚಾಳು ನಡುಗುವಂತೆ ಕೂಗಿದರು. ಈ ಮನೆಯಲ್ಲಿ ಇನ್ನು ಗ್ರಂಥಿ ಎಂಬ ಶಬ್ದ ಯಾರ ಬಾಯಲ್ಲಿ ಬಂದರೂ ಅವರು ಹೊರಗೆ. ಮೇ ತಿಂಗಳಲ್ಲಿ ರಜೆ ಹಾಕಿ ವಾರಿಜಳನ್ನು ಊರಿಗೆ ಕರೆದೊಯ್ದು ಅಜ್ಜಿಯ ಮನೆಯಲ್ಲಿ ಬಿಟ್ಟು ಬರುವುದು. ಇಂಥವಳು ಇಲ್ಲಿದ್ದರೆ ಚಿಕ್ಕವಳ ಮದುವೆಗೂ ಅಡ್ಡಿ. ಚಿಕ್ಕವಳು ಎಂದರೆ ನಾನು.

ವಾರಿಜಕ್ಕ ಅಪ್ಪನ ಮುಖ ನೋಡುತ್ತಾ ಕೂತಿದ್ದಳು. ಎಷ್ಟೋ ಹೊತ್ತಿನ ಮೇಲೆ "ಆಯ್ತು" ಎಂದಳು. ಅವಳು ಆ ಒಂದು ಮಾತನ್ನು ಹುಡುಕಿ ತರಲು ತೆಗೆದುಕೊಂಡ ಸಮಯವಿದೆಯಲ್ಲ, ಅದನ್ನು ಆ ಮನೆಯಲ್ಲಿ ಒಬ್ಬರೇ ಗಮನಿಸಿದರು.

ಮಾರನೆಯ ವಾರ ಮಾವ ನಮ್ಮಿಬ್ಬರನ್ನು ಮಾಟುಂಗದ ದೇವಸ್ಥಾನಕ್ಕೆಂದು ಹೊರಡಿಸಿದರು. ಗಾಡಿ ಮಾಟುಂಗ ದಾಟಿತು, ಅವರು ಇಳಿಯಲಿಲ್ಲ. ವಾರಿಜಕ್ಕ ಕಿಟಕಿಗೆ ತಲೆ ಆನಿಸಿ ನಿದ್ದೆಹೋಗಿದ್ದಳು. "ಬೈಕುಲ್ಲಾದ ಡಾಕ್ಟ್ರಿಗೆ ತೋರಿಸ್ತೇನೆ. ಇವಳಿಗೆ ಥೈರಾಯ್ಡ್ ಸೋತಿದೆ" ಎಂದು ಪಿಸುಗುಟ್ಟಿದರು.

"ಹೊಟೇಲಿನ ಭಟ್ಟರಿಗೂ ನೀವು ಇದನ್ನೇ ಹೇಳಿದ್ದು ಮಾವ."

"ಭಟ್ಟರು ತೂಕಡಿಸ್ತಾ ಬೆವರ್ತಾ ಇದ್ರು. ಅದನ್ನು ನಾನು ನೋಡ್ಲಿಲ್ಲ, ನನ್ನ ತಪ್ಪು. ಇವಳು ಬೆವರುವುದನ್ನು ನೀನು ಕಂಡದ್ದು ಯಾವಾಗ ಹೇಳು. ಹುಬ್ಬಿನ ಹೊರತುದಿ ನೋಡು, ಕೂದಲು ಉಂಟಾ?"

ನೋಡಿದೆ. ಇರಲಿಲ್ಲ. ಒಂದೇ ಚಾಪೆಯಲ್ಲಿ ಮಲಗುವ ಅಕ್ಕನ ಹುಬ್ಬು ಅರ್ಧ ಉದುರಿದ್ದನ್ನು ನಾನು ನೋಡಿರಲಿಲ್ಲ. ಮುಖ ನೋಡದೆ ಕುತ್ತಿಗೆ ನೋಡುತ್ತಾರೆಂದು ನಾವು ನಗುತ್ತಿದ್ದ ಮನುಷ್ಯ ನೋಡಿದ್ದರು. ನನಗೆ ನಾಚಿಕೆಯಾಯಿತು.

ಡಾಕ್ಟರು ವಯಸ್ಸಾದವರು. ವಾರಿಜಕ್ಕನನ್ನು ಕುರ್ಚಿಯ ಮೇಲೆ ಮಂಡಿಯೂರಿಸಿ, ಹಿಮ್ಮಡಿಯ ಮೇಲಿನ ಸ್ನಾಯುವಿಗೆ ಸಣ್ಣ ಸುತ್ತಿಗೆಯಿಂದ ಬಡಿದರು. ಪಾದ ಚಿಮ್ಮಿತು. ಆಮೇಲೆ ತನಗೇನೂ ಅವಸರವಿಲ್ಲ ಎಂಬ ಹಾಗೆ ಮೆಲ್ಲಗೆ ಹಿಂದಕ್ಕೆ ಬಂತು. ಡಾಕ್ಟರು ಮಾವನ ಕಡೆ ನೋಡಿ, ನಿಮ್ಮ ಊಹೆ ಸರಿ ಎಂಬಂತೆ ತಲೆಯಾಡಿಸಿದರು. ಇನ್ನೊಂದು ದಿನ ಬರಿಹೊಟ್ಟೆಯಲ್ಲಿ ಬರಹೇಳಿ, ಮೂಗು ಕಟ್ಟಿ, ನಳಿಗೆಯೊಂದರಲ್ಲಿ ಉಸಿರಾಡಿಸಿ, ಮೈಯ ಒಳಗಿನ ಉರಿ ಎಷ್ಟಿದೆಯೆಂದು ಅಳೆದರು. ತೀರಾ ಕಮ್ಮಿ. ಥೈರಾಯ್ಡ್ ಎಂದರೆ ಮೈಯ ಒಲೆಗೆ ಕಟ್ಟಿಗೆ ಒಟ್ಟುವ ಗ್ರಂಥಿ. ಅವಳದು ಕಟ್ಟಿಗೆ ಹಾಕುವುದನ್ನೇ ಬಿಟ್ಟಿತ್ತು. ಹೃದಯ, ಹೊಟ್ಟೆ, ಮಾತು, ಯೋಚನೆ ಎಲ್ಲವೂ ಸಣ್ಣ ಉರಿಯಲ್ಲಿ.

"ಈಕೆಯನ್ನು ಸೋಮಾರಿ ಎಂದವರು ಯಾರು?" ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು. ನಾನು ನೆಲ ನೋಡಿದೆ. ವಾರಿಜಕ್ಕ ಅತ್ತಳು. ಎರಡು ವರ್ಷದಲ್ಲಿ ಅವಳ ಬಗ್ಗೆ ಯಾರೂ ಒಳ್ಳೆಯ ಮಾತು ಹೇಳಿರಲಿಲ್ಲ.

ಅವಳನ್ನು ಹೊರಗೆ ಕೂರಿಸಿ ಡಾಕ್ಟರು ಗುಳಿಗೆಯ ಶೀಶೆ ಕೊಟ್ಟರು. ದಿನಾ ಒಂದು, ಜೀವಮಾನವಿಡೀ. ಮಾವ ಶೀಶೆ ತಿರುಗಿಸಿ ನೋಡಿ, "ಇದು ಕುರಿಯದ್ದಾ ಸರ್?" ಎಂದು ಮೆಲ್ಲಗೆ ಕೇಳಿದರು. ಹೌದು ಎಂದರು ಡಾಕ್ಟರು. ಕುರಿಯ ಕುತ್ತಿಗೆಯ ಗ್ರಂಥಿ, ಒಣಗಿಸಿ ಪುಡಿ ಮಾಡಿ ಕಟ್ಟಿದ್ದು. ಅದೇ ಹಾರ್ಮೋನು, ಅದೇ ಕೆಲಸ. ಮಾವ ಇದನ್ನು ಪುಸ್ತಕದಲ್ಲಿ ಹತ್ತು ಸಲ ಓದಿದ್ದರು. ಆದರೆ ಪುಸ್ತಕದಲ್ಲಿದ್ದಾಗ ಅದು ಪುಸ್ತಕದ ಕುರಿ, ಈಗ ಜೇಬಿನಲ್ಲಿತ್ತು.

"ಕೇಳಿಸಿತಾ ನಿನಗೆ?" ಎಂದರು ನನ್ನೊಡನೆ. "ಅಮ್ಮನಿಗೆ ಗೊತ್ತಾದ್ರೆ ಶೀಶೆ ಹೊಸ್ತಿಲು ದಾಟ್ಲಿಕ್ಕಿಲ್ಲ. ದಾಟದಿದ್ರೆ ಇವಳು ಊರಿಗೆ. ಅಲ್ಲಿ ಇದನ್ನು ಕೊಡುವವರೂ ಇಲ್ಲ, ಇದು ಎಂತದ್ದು ಅಂತ ತಿಳಿದವರೂ ಇಲ್ಲ. ಹೀಗೆಯೇ ಆರಿ ಹೋಗ್ತಾಳೆ. ನೀನು ಬಾಯಿ ಬಿಡ್ಬೇಡ."

ಮನೆಯಲ್ಲಿ ಮಾವ ಡಾಕ್ಟರು ಕೊಟ್ಟ ಗುಳಿಗೆ ಎಂದಷ್ಟೇ ಹೇಳಿದರು. ಅಪ್ಪ ಶೀಶೆ ನೋಡಿ "ಸೀಮೆಸುಣ್ಣ" ಎಂದರು. ಮೇ ತಿಂಗಳವರೆಗೆ ನೋಡುವುದು, ಆಮೇಲೆ ತಾನು ಹೇಳಿದ್ದೇ ಸೈ ಎಂದರು. ಅಮ್ಮ ಏನೂ ಕೇಳಲಿಲ್ಲ. ಶೀಶೆಯನ್ನು ತೊಳೆದು, ಒರೆಸಿ, ಸೀದಾ ದೇವರ ಮಂಟಪದ ಮುಂದಿಟ್ಟಳು!

ನಮ್ಮ ಮನೆಯ ಕ್ರಮ ಅದು. ದೇವರಿಗೆ ತೋರಿಸದೆ ಯಾರೂ ಏನನ್ನೂ ಬಾಯಿಗೆ ಹಾಕುವ ಹಾಗಿಲ್ಲ. ಅನ್ನವಾಗಲಿ, ಕೆಮ್ಮಿನ ಔಷಧಿಯಾಗಲಿ. ದೇವರಿಗೆ ಹರಳೆಣ್ಣೆ ನೈವೇದ್ಯ ಮಾಡಿದ ಮನೆ ಮುಂಬಯಿಯಲ್ಲಿ ನಮ್ಮದೊಂದೇ ಇರಬೇಕು. ಪೂಜೆ ಮಾಡುವವರು ಯಾರು? ಮಾವ. ನೈವೇದ್ಯ ಮಾಡಬೇಕಾದವರು ಯಾರು? ಮಾವ.

ಮೊದಲ ದಿನ ಅಮ್ಮ ಬೆಳ್ಳಿಯ ಬಟ್ಟಲಲ್ಲಿ ಒಂದು ಗುಳಿಗೆ ಇಟ್ಟು ತುಳಸಿ ದಳ ಹಾಕಿ ಕಾದಳು. ಮಾವ ನೀರು ಸುತ್ತುಗಟ್ಟಲು ಎತ್ತಿದ ಕೈ ಹಾಗೆಯೇ ನಿಂತಿತು.

"ಎಂತ ಆಯ್ತು? ಮಂತ್ರ ಮರೆತು ಹೋಯ್ತಾ?" ಎಂದಳು ಅಮ್ಮ.

"ಇಲ್ಲ" ಎಂದು ಮಾವ ಕಣ್ಣು ಮುಚ್ಚಿ ನೈವೇದ್ಯ ಮಾಡಿದರು. ಈರುಳ್ಳಿಗೆ ಡಬ್ಬಿ ಬದಲಾಯಿಸುವ ಮನುಷ್ಯ ಕುರಿಯ ಗ್ರಂಥಿಯನ್ನು ದೇವರ ಮುಂದೆ ಇಟ್ಟರು. ಬೆವರು ಅವರ ಮುದ್ರೆಗಳನ್ನೆಲ್ಲ ಇಳಿಸಿಬಿಟ್ಟಿತ್ತು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಅವತ್ತಿನಿಂದ ಮಾವ ಬದಲಾದರು. ಗ್ರಂಥಿಯ ಸುದ್ದಿ ಇಲ್ಲ, ಯಾರ ಕುತ್ತಿಗೆಯ ಕಡೆಗೂ ಕಣ್ಣಿಲ್ಲ. ಹಾಲಿನ ಭಯ್ಯಾನೇ ಗಾಬರಿಯಾಗಿ, "ಮಾಜೀ, ಭಾಯಿಸಾಬ್ ಈಗ ನನ್ನ ಗಲಾ ನೋಡುವುದೇ ಇಲ್ಲ, ತಬಿಯತ್ ಸರಿ ಇಲ್ಲವಾ?" ಎಂದು ಕೇಳಿದ. ಊಟವನ್ನೂ ಒಪ್ಪೊತ್ತು ಮಾಡಿಕೊಂಡರು. ಮಧ್ಯಾಹ್ನದ ಡಬ್ಬಿ ಒಂದೇ, ಸಂಜೆ ತಟ್ಟೆಗೆ ಕೂರುತ್ತಿರಲಿಲ್ಲ. ಅಮ್ಮ ಕೇಳಿದರೆ ವ್ರತ ಎಂದರು. ಪಂಚೆ ಸೊಂಟದಲ್ಲಿ ಎರಡು ಸುತ್ತು ಹೆಚ್ಚು ಬರತೊಡಗಿತು.

ವಾರಿಜಕ್ಕ ಮಾತ್ರ ಮೂರು ವಾರವಾದರೂ ಹಾಗೆಯೇ ಇದ್ದಳು. ಡಾಕ್ಟರು ಗುಳಿಗೆಯನ್ನು ಒಂದರಿಂದ ಎರಡು ಮಾಡಿದರು. ಏಪ್ರಿಲಿನಲ್ಲಿ ಅವಳ ಮುಖದ ಬಾವು ಇಳಿದ ಹಾಗೆ ನನಗೆ ಕಂಡಿತು. ಅಪ್ಪನಿಗೆ ಕಾಣಲಿಲ್ಲ. ಮೇ ಬಂತು. ಅಪ್ಪ ಟ್ರಂಕು ಕೆಳಗಿಳಿಸಿದರು, ಅವಳ ಸೀರೆಗಳನ್ನು ಅಮ್ಮ ಮಡಚಿ ಇಟ್ಟಳು. ಗುರುವಾರ ಹೊರಡುವುದೆಂದಾಯಿತು. ಮಾವ ಆ ಟ್ರಂಕಿನ ಸುತ್ತ ಬೆಕ್ಕಿನ ಹಾಗೆ ಓಡಾಡುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ವಾರಿಜಕ್ಕ ಅಡಿಗೆಯ ಮೂಲೆಯಲ್ಲಿ ಬೀನ್ಸ್ ಮುರಿಯುತ್ತಾ ಕೂತಿದ್ದಳು. ಇದ್ದಕ್ಕಿದ್ದ ಹಾಗೆ ಶಾಲನ್ನು ತೆಗೆದು ಬದಿಗಿಟ್ಟಳು. ಬೀಸಣಿಗೆಗೆ ಕೈ ಹಾಕಿದಳು.

"ಅಮ್ಮ, ಎಂತ ಸೆಕೆ ಇದು" ಎಂದಳು.

ಅಮ್ಮನ ಸೌಟು ನಿಂತಿತು. ಮೇ ತಿಂಗಳಲ್ಲಿ ಮುಂಬಯಿಯ ಲಕ್ಷಾಂತರ ಬಾಯಿಗಳು ಗೊಣಗುವ ಮಾತು! ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಅವಳ ಬಾಯಲ್ಲಿ ಕೇಳದ ಮಾತು. ಅಮ್ಮ ಬಂದು ಅವಳ ಮೇಲ್ದುಟಿಯನ್ನು ಬೆರಳಿನಿಂದ ಒರೆಸಿ, ಆ ಬೆರಳನ್ನು ಹಿಡಿದುಕೊಂಡೇ ಅಪ್ಪನ ಬಳಿಗೆ ಓಡಿದಳು. "ಇಲ್ಲಿ ನೋಡಿ. ಬೆವರು" ಎಂದಳು. ಅಪ್ಪ ಆ ಬೆರಳನ್ನು ನೋಡಿದರು, ಎದ್ದು ಗ್ಯಾಲರಿಗೆ ಹೋಗಿ ಸ್ವಲ್ಪ ಹೊತ್ತು ರಸ್ತೆಯ ಕಡೆ ಮುಖ ಮಾಡಿ ನಿಂತರು. ಒಳಗೆ ಬಂದು ತಾವೇ ಟ್ರಂಕಿನಿಂದ ಸೀರೆಗಳನ್ನು ಒಂದೊಂದಾಗಿ ತೆಗೆದು ಹಗ್ಗದ ಮೇಲೆ ಹಾಕಿದರು. ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ದೊಡ್ಡ ಜಗಳ. ಓಡಿ ಹೋಗಿ ನೋಡಿದರೆ ನಮ್ಮ ವಾರಿಜಕ್ಕ! ಸೊಂಟಕ್ಕೆ ಸೆರಗು ಸಿಕ್ಕಿಸಿ, ಮರಾಠಿಯಲ್ಲಿ, ಒಂದೇ ಉಸಿರಿನಲ್ಲಿ. ನಾನು ಕೊಡ ಕೆಳಗಿಟ್ಟು ಅವಳನ್ನು ತಬ್ಬಿಕೊಂಡು ಅತ್ತೆ. "ಬಿಡೇ, ಸಾಲು ತಪ್ಪುತ್ತದೆ" ಎಂದು ಅವಳು ನನ್ನನ್ನು ತಳ್ಳಿದಳು.

ಅಂದು ಸಂಜೆ ಮಾವ ಕೈಕಾಲು ತೊಳೆದು ಅಮ್ಮನ ಎದುರು ಬಂದು ನಿಂತರು. ನಾವೆಲ್ಲ ಅಲ್ಲೇ ಇದ್ದೆವು.

"ಅಕ್ಕ, ಒಂದು ಹೇಳ್ಲಿಕ್ಕುಂಟು. ಕೇಳಿದ ಮೇಲೆ ಮನೆಯಿಂದ ಹೊರಡು ಅಂದ್ರೆ ಹೊರಡ್ತೇನೆ. ಗುಳಿಗೆ ಮಾತ್ರ ನಿಲ್ಲಿಸ್ಬೇಡ. ಅದು ಕುರಿಯ ಕುತ್ತಿಗೆಯಿಂದ ತೆಗೆದದ್ದು. ನಾನು ಗೊತ್ತಿದ್ದೇ ದೇವರ ಮುಂದೆ ಇಟ್ಟೆ."

ಅಪ್ಪ ಬಾಯಿ ತೆರೆದರು. ಅಮ್ಮ ಕೈ ಎತ್ತಿ ತಡೆದಳು. ಅವಳ ಮುಖ ಬಿಳುಚಿತ್ತು.

"ಹಾಗಾದ್ರೆ ಈ ಒಪ್ಪೊತ್ತು?"

"ಪ್ರಾಯಶ್ಚಿತ್ತ."

"ಎಷ್ಟು ದಿವಸ ಅಂತ ಮಾಡಿದ್ದಿ?"

"ಅವಳು ಅದನ್ನು ಜೀವಮಾನ ಇಡೀ ನುಂಗ್ಬೇಕಲ್ಲ ಅಕ್ಕ" ಎಂದರು ಮಾವ.

ಅಮ್ಮ ಒಳಗೆ ಹೋದಳು. ಪಾತ್ರೆಯ ಸದ್ದು ಕೇಳಿಸಿತು. ಹೊರಗೆ ಬಂದು ಮಾವನ ಮುಂದೆ ತಟ್ಟೆ ಇಟ್ಟು, ಅನ್ನ ಬಡಿಸಿ, ಹುಳಿ ಬಡಿಸಿ, ತುಪ್ಪ ಹಾಕಿದಳು. "ಕೂತ್ಕೋ. ಮಗಳು ನನ್ನವಳು. ಪಾಪ ಉಂಟು ಅಂತಾದ್ರೆ ಅದೂ ನನಗೇ ಬರ್ಲಿ. ನಾಳೆಯಿಂದ ನೈವೇದ್ಯ ನಾನು ಮಾಡ್ತೇನೆ. ನೀನು ಎರಡು ಹೊತ್ತು ಉಣ್ಣು" ಎಂದಳು. ಮಾವ ಉಂಡರು. ಕಣ್ಣೀರು ತಟ್ಟೆಗೆ ಬೀಳುತ್ತಿತ್ತು. ಮಗ್ಗುಲಲ್ಲಿ ಕೂತ ವಾರಿಜಕ್ಕ ಅವರ ಬೆನ್ನು ಸವರುತ್ತಿದ್ದಳು.

ಹೆಂಗಸರು ನೈವೇದ್ಯ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಮರುದಿನ ಅಮ್ಮ ತಲೆಗೆ ಸ್ನಾನ ಮಾಡಿ ಒದ್ದೆ ಸೀರೆಯಲ್ಲೇ ಬಂದು ಮಂಟಪದ ಮುಂದೆ ಕುಳಿತಳು. ಬೆಳ್ಳಿಯ ಬಟ್ಟಲಲ್ಲಿ ಗುಳಿಗೆಗಳನ್ನಿಟ್ಟು ಒಂದು ತುಳಸಿ ದಳ ಹಾಕಿದಳು. ಆಮೇಲೆ ಇನ್ನೊಂದನ್ನು ಚಿವುಟಿ ಅದರ ಪಕ್ಕದಲ್ಲಿ ಇಟ್ಟಳು.

"ಒಂದು ಸಾಕಲ್ಲ ಅಕ್ಕ" ಎಂದರು ಹಿಂದೆ ನಿಂತಿದ್ದ ಮಾವ.

"ಒಂದು ದೇವರಿಗೆ" ಎಂದಳು ಅಮ್ಮ. "ಇದು ಆ ಕುರಿಗೆ."

ಮಾವ ಕೈ ಮುಗಿದರು. ನಾವೂ ಮುಗಿದೆವು.